ಕೆಡವಿದವನೇ ಬರೆದಿಟ್ಟ ಅಳತೆ: ಲೂಯಿಸ್ ಮಠದ ಚರ್ಚು ಎಲ್ಲಿ ಹೋಯಿತು?

1538ರ ಮಾರ್ಚ್ 24. ಇಂಗ್ಲೆಂಡಿನ ದಕ್ಷಿಣ ತುದಿಯಲ್ಲಿರುವ ಸಸೆಕ್ಸ್ ಸೀಮೆಯ ಲೂಯಿಸ್ ಎಂಬ ಊರಿನಿಂದ ಒಂದು ಪತ್ರ ಹೊರಟಿತು. ಬರೆದವನು ಜೊವಾನ್ನಿ ಪೋರ್ತಿನಾರಿ, ಇಟಲಿ ಮೂಲದ ಎಂಜಿನಿಯರ್. ಪತ್ರ ಸೇರಬೇಕಾಗಿದ್ದು ಥಾಮಸ್ ಕ್ರಾಮ್‌ವೆಲ್‌ಗೆ. ರಾಜ ಎಂಟನೇ ಹೆನ್ರಿಯ ಆಡಳಿತವೆಲ್ಲ ಆಗ ನಡೆಯುತ್ತಿದ್ದುದು ಇವನ ಕೈಯಲ್ಲಿ. ಪತ್ರದ ವಿಷಯ ಒಂದೇ. ಲೂಯಿಸ್‌ನ ಮಠದ ಚರ್ಚನ್ನು ಕೆಡವುವ ಕೆಲಸ ಎಲ್ಲಿಯವರೆಗೆ ಬಂತು ಅನ್ನುವುದು.

ಪೋರ್ತಿನಾರಿ ಲಂಡನ್‌ನಿಂದ 17 ಜನರನ್ನು ಕರೆತಂದಿದ್ದ. ಮೂವರು ಬಡಗಿಗಳು, ಇಬ್ಬರು ಕಮ್ಮಾರರು, ಇಬ್ಬರು ಸೀಸದ ಕೆಲಸದವರು, ಕುಲುಮೆ ನೋಡಿಕೊಳ್ಳಲು ಒಬ್ಬ. ಬಡಗಿಗಳೂ ಸೇರಿ ಹತ್ತು ಮಂದಿ ಗೋಡೆ ಕಡಿಯುವ ಕೆಲಸದಲ್ಲಿ. ಈ ಊರಿನಲ್ಲಿ ಸಿಗುವ ಆಳುಗಳಿಗಿಂತ ಇವರ ಕೈ ಎಷ್ಟೋ ಪಳಗಿದೆ ಎಂದೂ ಬರೆಯುತ್ತಾನೆ. ಜೊತೆಗೆ ಕಟ್ಟಡದ ಅಳತೆ ಕೊಡುತ್ತಾನೆ: ಎತ್ತರ ಎಷ್ಟು, ಗೋಡೆ ಎಷ್ಟು ದಪ್ಪ, ಕಂಬ ಎಷ್ಟು.

ಆ ಚರ್ಚು ಇವತ್ತು ಇಲ್ಲ. ಊರ ಮಧ್ಯಕಾಲದ ಕೋಟೆಯ ಗೋಡೆಗಳು ನಿಂತಿವೆ, ಚರ್ಚು ಮಾತ್ರ ಇಲ್ಲ. ನೈಋತ್ಯ ಮೂಲೆಯ ಗೋಪುರದ ಗೋಡೆಯ ಒಂದು ತುಂಡು ಬಿಟ್ಟರೆ ನೆಲದ ಮೇಲೆ ಕಣ್ಣಿಗೆ ಕಾಣುವಂಥದ್ದು ಏನೂ ಉಳಿದಿಲ್ಲ. ಸಸೆಕ್ಸ್‌ನಲ್ಲೇ ಅತಿ ದೊಡ್ಡ ಚರ್ಚು ಅದು. ಉದ್ದ ಸುಮಾರು 420 ಅಡಿ. ಚಿಚೆಸ್ಟರ್ ಪಟ್ಟಣದ ಕೆಥೆಡ್ರಲ್‌ಗಿಂತಲೂ, ಅಂದರೆ ಬಿಷಪ್‌ನ ಮುಖ್ಯ ಚರ್ಚಿಗಿಂತಲೂ ಉದ್ದ. ಇಷ್ಟು ದೊಡ್ಡದು ಬಿರುಗಾಳಿಗೆ ಬೀಳಲಿಲ್ಲ, ಶತ್ರುಗಳ ಸೈನ್ಯ ಬಂದು ಉರುಳಿಸಲಿಲ್ಲ, ತಾನಾಗಿ ಹಾಳಾಗಲೂ ಇಲ್ಲ. ಲೆಕ್ಕ ಹಾಕಿ, ಕೂಲಿ ಕೊಟ್ಟು, ನುರಿತ ಕೆಲಸಗಾರರಿಂದ ಕೆಡವಿಸಲಾಯಿತು. ಆ ಚರ್ಚು ಹೇಗಿತ್ತು ಎಂದು ಕಣ್ಣಾರೆ ಕಂಡು ಅಳತೆ ಸಮೇತ ಬರೆದಿಟ್ಟಿದ್ದು, ಅದನ್ನು ಕೆಡವಿಸಿದ ಇದೇ ಪೋರ್ತಿನಾರಿ. ಈ ಸಂಗತಿ ನನ್ನನ್ನು ಬಹಳ ಕಾಡುತ್ತದೆ.

ಮೊದಲು ಅದು ಅಲ್ಲಿಗೆ ಬಂದದ್ದು ಹೇಗೆ ಅಂತ ನೋಡೋಣ.

1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಯುದ್ಧ ಗೆದ್ದು ಇಂಗ್ಲೆಂಡಿನ ರಾಜನಾದ. ಅವನ ಜೊತೆ ಕಾದಾಡಿದವರಲ್ಲಿ ವಿಲಿಯಂ ಡಿ ವಾರೆನ್ ಒಬ್ಬ. ಅವನಿಗೆ ಲೂಯಿಸ್ ಸುತ್ತಲಿನ ಸೀಮೆ ಸಿಕ್ಕಿತು. ಅವನ ಹೆಂಡತಿ ಗುಂಡ್ರಾಡಾ, ಫ್ಲಾಂಡರ್ಸ್ ಕಡೆಯವಳು. 1070ರ ದಶಕದ ನಡುವೆ ಗಂಡ ಹೆಂಡತಿ ರೋಮ್ ಯಾತ್ರೆಗೆ ಹೊರಟರು. ಪೋಪ್‌ಗೂ ಜರ್ಮನ್ ಚಕ್ರವರ್ತಿಗೂ ಜಗಳ ನಡೆದಿತ್ತು, ದಾರಿ ಸುರಕ್ಷಿತವಾಗಿರಲಿಲ್ಲ. ಹಾಗಾಗಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಕ್ಲೂನಿ ಮಠದಲ್ಲಿ ತಂಗಿದರು. ಅಲ್ಲಿನ ಸನ್ಯಾಸಿಗಳ ಶಿಸ್ತು, ಪೂಜೆ, ಆದರ ನೋಡಿ ಮನಸೋತರು. ನಮ್ಮೂರಿಗೂ ನಿಮ್ಮವರನ್ನು ಕಳಿಸಿ ಎಂದು ಮಠಾಧಿಪತಿ ಹ್ಯೂ ಅವರನ್ನು ಕೇಳಿಕೊಂಡರು. ಹ್ಯೂ ಸುಲಭವಾಗಿ ಒಪ್ಪಲಿಲ್ಲ. ಅಷ್ಟು ದೂರದ, ಸಮುದ್ರದಾಚೆಯ ಮಠವನ್ನು ಹತೋಟಿಯಲ್ಲಿಡುವುದು ಹೇಗೆ? ಕೊನೆಗೆ ಲಾಂಜೋ ಎಂಬವನ ಮುಂದಾಳತ್ವದಲ್ಲಿ ನಾಲ್ವರು ಸನ್ಯಾಸಿಗಳನ್ನು ಕಳಿಸಿಕೊಟ್ಟರು. ಲೂಯಿಸ್ ಮಠದ ಸ್ಥಾಪನಾ ಪತ್ರ ಹೇಳುವ ಕಥೆ ಇದು. ಈಗ ನಮ್ಮ ಕೈಗೆ ಸಿಗುವ ಆ ಪತ್ರದ ರೂಪ ಸ್ವಲ್ಪ ನಂತರದ್ದು, ಅದನ್ನು ನೆನಪಿನಲ್ಲಿ ಇಟ್ಟುಕೊಂಡೇ ಓದಬೇಕು. ಆದರೆ ಇಂಗ್ಲೆಂಡಿನ ಮೊದಲ ಕ್ಲೂನಿ ಮಠ ಇದೇ ಎನ್ನುವುದರಲ್ಲಿ ಅನುಮಾನವಿಲ್ಲ. ಹೆಸರು ಸಂತ ಪ್ಯಾಂಕ್ರಸ್ ಮಠ. ಮಠದ ಹಿರಿಯನನ್ನು ಪ್ರಯರ್ ಎನ್ನುತ್ತಿದ್ದರು. ಕ್ಲೂನಿಯ ಮಠಾಧಿಪತಿಯೇ ಇವರೆಲ್ಲರಿಗೂ ಮೇಲಿನವನು.

ಕ್ಲೂನಿ ಪರಂಪರೆಯವರಿಗೆ ಪ್ರಾರ್ಥನೆಯೇ ಕೆಲಸ. ಹೊಲಗೆಲಸ ಮಾಡುತ್ತಿದ್ದವರು ಬೇರೆಯವರು. ಹಗಲೂ ರಾತ್ರಿಯೂ ಗೊತ್ತಾದ ಹೊತ್ತಿಗೆ ಚರ್ಚಿಗೆ ಹೋಗಬೇಕು, ಗಂಟೆಗಟ್ಟಲೆ ಹಾಡಬೇಕು. ಹಬ್ಬದ ದಿನ ಮೆರವಣಿಗೆ. ಸನ್ಯಾಸಿಗಳಲ್ಲಿ ಪಾದ್ರಿ ದೀಕ್ಷೆ ಪಡೆದವರೂ ಜಾಸ್ತಿ. ಅವರೆಲ್ಲ ತಮ್ಮ ತಮ್ಮ ಪೂಜೆ ನಡೆಸಲು ಬೇರೆ ಬೇರೆ ಪೂಜಾ ವೇದಿಕೆಗಳು ಬೇಕಿದ್ದವು. ಸತ್ತವರ ಆತ್ಮಕ್ಕೆ ಪ್ರಾರ್ಥಿಸಿ ಎಂದು ಶ್ರೀಮಂತರು ಭೂಮಿ ಬಿಡುತ್ತಿದ್ದರು, ಅದಕ್ಕೂ ವೇದಿಕೆ ಬೇಕು. 13ನೇ ಶತಮಾನದಲ್ಲಿ ಲೂಯಿಸ್‌ನಲ್ಲಿ ಸನ್ಯಾಸಿಗಳ ಸಂಖ್ಯೆ ನೂರರ ಹತ್ತಿರ ಇತ್ತು. ನೂರು ಜನಕ್ಕೆ ಇಷ್ಟು ದೊಡ್ಡ ಚರ್ಚು ಯಾಕೆ ಅಂತ ಅನ್ನಿಸಬಹುದು. ಅದು ಭಕ್ತರ ಜಂಗುಳಿ ಕೂರಿಸುವ ಸಭಾಂಗಣ ಅಲ್ಲ ಎನ್ನುವುದು ಗೊತ್ತಾದರೆ ಈ ಪ್ರಶ್ನೆ ಉಳಿಯುವುದಿಲ್ಲ. ಸನ್ಯಾಸಿಗಳು ಹಾಡುವ ಜಾಗ ಒಂದು, ಮೆರವಣಿಗೆ ಸಾಗುವ ದಾರಿ ಒಂದು, ಸುತ್ತ ಚಿಕ್ಕ ಚಿಕ್ಕ ಗುಡಿಗಳು. ಹೀಗೆ ಒಂದೇ ಸೂರಿನಡಿ ಹಲವು ಜಾಗಗಳು.

ಮೊದಲು ಕಟ್ಟಿದ ಕಲ್ಲಿನ ಚರ್ಚು ಚಿಕ್ಕದು. ಅದು ಸಾಲದೆ 12ನೇ ಶತಮಾನದಲ್ಲಿ ದೊಡ್ಡದನ್ನು ಕಟ್ಟಿದರು. ಆ ಹೊತ್ತಿಗೆ ತಾಯಿಮಠ ಕ್ಲೂನಿಯಲ್ಲಿ 1088ರಲ್ಲಿ ಶುರುವಾದ ಮೂರನೇ ಚರ್ಚು ತಲೆ ಎತ್ತಿತ್ತು. ಯುರೋಪಿನಲ್ಲೇ ಅಷ್ಟು ದೊಡ್ಡ ಚರ್ಚು ಆಗ ಮತ್ತೊಂದಿರಲಿಲ್ಲ. ಲೂಯಿಸ್‌ನವರು ಅದನ್ನೇ ಮಾದರಿಯಾಗಿ ಇಟ್ಟುಕೊಂಡರು. ಒಳ್ಳೆಯ ಕಲ್ಲು ನಾರ್ಮಂಡಿಯ ಕಾನ್ ಪಟ್ಟಣದ ಗಣಿಗಳಿಂದ ಹಡಗಿನಲ್ಲಿ ಬಂತು. ಇನ್ನಷ್ಟು ವೈಟ್ ದ್ವೀಪದ ಕ್ವಾರ್ ಎಂಬಲ್ಲಿಂದ ಬಂತು. ಲೂಯಿಸ್ ಊಸ್ ನದಿಯ ದಡದಲ್ಲಿದೆ, ಸಮುದ್ರವೂ ಹತ್ತಿರ. ದೋಣಿಯಲ್ಲಿ ಕಲ್ಲು ಸಾಗಿಸುವುದು ಸುಲಭ. ಗೋಡೆಯ ಹೊಟ್ಟೆಯೊಳಗೆ ತುಂಬಿದ್ದು ಅಲ್ಲೇ ಸಿಗುವ ಸುಣ್ಣದ ಕಲ್ಲು, ಚಕಮಕಿ ಕಲ್ಲು ಮತ್ತು ಗಾರೆ. ಹೊರಗೆ ಮಾತ್ರ ಚೆನ್ನಾಗಿ ಕೆತ್ತಿದ ಕಾನ್ ಕಲ್ಲಿನ ಹೊದಿಕೆ. ಇದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಜನ ಯಾವ ಕಲ್ಲನ್ನು ಹೊತ್ತೊಯ್ದರು, ಯಾವುದನ್ನು ಬಿಟ್ಟರು ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಈಗ ಪೋರ್ತಿನಾರಿಯ ಪತ್ರವನ್ನು ಹತ್ತಿರದಿಂದ ನೋಡೋಣ. ಅವನು ಕೊಟ್ಟ ಲೆಕ್ಕ ಹೀಗಿದೆ. ಚರ್ಚಿನ ಉದ್ದ 150 ಅಡಿ. ಎತ್ತರ 63 ಅಡಿ. ಸುತ್ತಳತೆ 1,558 ಅಡಿ. ಗೋಡೆಯ ದಪ್ಪ 5 ಅಡಿ, ಮುಂದಿನ ಗೋಪುರದ ಗೋಡೆ 10 ಅಡಿ. ಒಳಗೆ 32 ಕಂಬಗಳು. ಅವುಗಳಲ್ಲಿ ಎಂಟು ಭಾರೀ ದಪ್ಪ: ಅಡ್ಡಲಾಗಿ 14 ಅಡಿ, ಸುತ್ತ 45 ಅಡಿ, ಎತ್ತರ 42 ಅಡಿ. ಉಳಿದ 24 ಕಂಬಗಳು ಬಹುಪಾಲು 10 ಅಡಿ ದಪ್ಪ, ಸುತ್ತ 25 ಅಡಿ, ಎತ್ತರ 18 ಅಡಿ. ಮುಖ್ಯ ವೇದಿಕೆಯ ಮುಂದಿನ ಚಾವಣಿ 93 ಅಡಿ ಎತ್ತರ. ನಡುವೆ ಗಂಟೆಗಳು ತೂಗುತ್ತಿದ್ದ ಜಾಗ 105 ಅಡಿ. ಮುಂಬದಿಯ ಗೋಪುರ 90 ಅಡಿ.

ಮೊದಲ ಸಂಖ್ಯೆಯಲ್ಲೇ ಏನೋ ಎಡವಟ್ಟಿದೆ. 150 ಅಡಿ ಉದ್ದದ ಕಟ್ಟಡಕ್ಕೆ 1,558 ಅಡಿ ಸುತ್ತಳತೆ ಬರಲು ಸಾಧ್ಯವೇ ಇಲ್ಲ. ಎರಡು ಉದ್ದ ಸೇರಿದರೆ 300 ಅಡಿ ಆಯಿತು, ಮಿಕ್ಕ ಸಾವಿರದ ಇನ್ನೂರು ಅಡಿ ಎಲ್ಲಿಂದ ಬಂತು? ಅದೇ ಪತ್ರದಲ್ಲಿ ಇನ್ನೊಂದು ಕಡೆ ಅವನು ಗೋಡೆಯ ಅಳತೆ ಹೇಳುವಾಗ 70 ಹೆಜ್ಜೆ, ಅಂದರೆ 210 ಅಡಿ ಎಂದು ಬಿಡಿಸಿ ಬರೆಯುತ್ತಾನೆ. ಅಂದರೆ ಅವನು ನಡೆದು ಅಳೆಯುತ್ತಿದ್ದ, ಒಂದು ಹೆಜ್ಜೆಗೆ ಮೂರು ಅಡಿ. ಹಾಗಾದರೆ ಆ 150 ಅಡಿಯಲ್ಲ, ಹೆಜ್ಜೆ ಇರಬೇಕು ಎಂದು ನನಗೆ ಅನ್ನಿಸುತ್ತದೆ. 150 ಹೆಜ್ಜೆ ಅಂದರೆ 450 ಅಡಿ. ಅಗೆದು ನೋಡಿ ಸಿಕ್ಕ ಸುಮಾರು 420 ಅಡಿಗೆ ಇದು ತೀರಾ ಹತ್ತಿರ. ಸುತ್ತಳತೆಯೂ ಆಗ ಸರಿಹೋಗುತ್ತದೆ. ಎರಡು ಬದಿಗೆ ಎಂಟುನೂರು ಚಿಲ್ಲರೆ ಅಡಿ ಹೋದರೆ, ಮಿಕ್ಕದ್ದು ಅಗಲಕ್ಕೆ, ಪಕ್ಕಕ್ಕೆ ಚಾಚಿದ ತೋಳುಗಳಿಗೆ, ಹೊರಗೆ ಉಬ್ಬಿದ ಗುಡಿಗಳಿಗೆ.

ಕಂಬಗಳ ಲೆಕ್ಕವನ್ನೂ ಹೀಗೇ ಒರೆಗೆ ಹಚ್ಚಬಹುದು. 14 ಅಡಿ ಅಡ್ಡಳತೆಯ ದುಂಡು ಕಂಬದ ಸುತ್ತಳತೆ ಸುಮಾರು 44 ಅಡಿ ಬರಬೇಕು. ಅವನು 45 ಎನ್ನುತ್ತಾನೆ. ಪರವಾಗಿಲ್ಲ, ಅಳತೆ ಪಕ್ಕಾ. ಆದರೆ 10 ಅಡಿ ದಪ್ಪದ ಕಂಬಕ್ಕೆ 25 ಅಡಿ ಸುತ್ತಳತೆ ಹೊಂದುವುದಿಲ್ಲ, 31 ಬರಬೇಕಿತ್ತು. ಬಹುಪಾಲು ಎಂದು ಅವನೇ ಹೇಳಿರುವುದರಿಂದ ಎಲ್ಲ ಕಂಬವೂ ಒಂದೇ ಅಳತೆಯಲ್ಲಿ ಇರಲಿಲ್ಲ ಎಂದಿಟ್ಟುಕೊಳ್ಳಬಹುದು. ಅವನು ಕಟ್ಟಡದ ಚರಿತ್ರೆ ಬರೆಯಲು ಕೂತವನಲ್ಲ. ಎಷ್ಟು ಕೆಲಸ ಬಾಕಿ ಇದೆ, ಎಷ್ಟು ಕಷ್ಟದ್ದು ಎಂದು ಧಣಿಗೆ ತೋರಿಸಬೇಕಿತ್ತು, ಅಷ್ಟೆ. ಆದ್ದರಿಂದಲೇ ದಪ್ಪದ ಬಗ್ಗೆ ಅಷ್ಟು ಗಮನ.

ಇಷ್ಟಕ್ಕಿಂತಲೂ ಮುಖ್ಯವಾದ ಸಾಲು ಬೇರೆ ಇದೆ. ಮುಖ್ಯ ವೇದಿಕೆಯ ಬಲಬದಿಯ ತಗ್ಗು ಕಮಾನು ಚಾವಣಿಯನ್ನು ಕೆಡವಿದ್ದೇವೆ, ಅದನ್ನು ನಾಲ್ಕು ದೊಡ್ಡ ಕಂಬಗಳು ಹೊತ್ತಿದ್ದವು, ಅದರ ಸುತ್ತ ಐದು ಚಿಕ್ಕ ಗುಡಿಗಳಿದ್ದವು ಎನ್ನುತ್ತಾನೆ. ಆ 70 ಹೆಜ್ಜೆಯ ಗೋಡೆ ಸುತ್ತುವರಿದಿದ್ದು ಇವನ್ನೇ. ಇದೆಲ್ಲ ಗುರುವಾರ ಶುಕ್ರವಾರಗಳಲ್ಲಿ ನೆಲಕ್ಕೆ ಬಿತ್ತಂತೆ. ಪೂರ್ವ ತುದಿಯಲ್ಲಿ ಅರ್ಧ ವೃತ್ತದ ಗೋಡೆ, ಅದರ ಸುತ್ತ ಓಡಾಡುವ ಹಾದಿ, ಹಾದಿಯಿಂದ ಹೊರಕ್ಕೆ ಹೂವಿನ ಎಸಳಿನಂತೆ ತೆರೆದ ಐದು ಗುಡಿಗಳು: ಇದು ಕ್ಲೂನಿಯ ಮೂರನೇ ಚರ್ಚಿನ ವಿನ್ಯಾಸ. ಅಲ್ಲೂ ಐದೇ. ದಪ್ಪ ಕಂಬಗಳು ಎಂಟು ಇರುವುದೂ ಹಾಗೇ ಅರ್ಥವಾಗುತ್ತದೆ. ಸಾಮಾನ್ಯವಾಗಿ ಶಿಲುಬೆ ಆಕಾರದ ಚರ್ಚಿನಲ್ಲಿ ಒಂದೇ ಜೊತೆ ಅಡ್ಡತೋಳುಗಳು, ಅವು ಕೂಡುವಲ್ಲಿ ಭಾರ ಹೊರಲು ನಾಲ್ಕು ದೊಡ್ಡ ಕಂಬಗಳು. ಕ್ಲೂನಿಯಲ್ಲಿ ಅಡ್ಡತೋಳುಗಳು ಎರಡು ಜೊತೆ. ಲೂಯಿಸ್‌ನಲ್ಲೂ ಹಾಗೇ. ಎರಡು ಕಡೆ ನಾಲ್ಕು ನಾಲ್ಕು, ಒಟ್ಟು ಎಂಟು.

ಇಂಥ ಕಟ್ಟಡವನ್ನು ಯಾಕೆ ಕೆಡವಬೇಕಿತ್ತು?

1534ರಲ್ಲಿ ಹೆನ್ರಿ ಪೋಪ್‌ನ ಸಂಬಂಧ ಕಡಿದುಕೊಂಡು ತಾನೇ ಇಂಗ್ಲೆಂಡಿನ ಧರ್ಮಸಂಸ್ಥೆಗೆ ಮುಖ್ಯಸ್ಥ ಎಂದು ಕಾನೂನು ಮಾಡಿಸಿದ. ಮರುವರ್ಷ ದೇಶದ ಎಲ್ಲ ಮಠ, ಚರ್ಚುಗಳ ಆದಾಯದ ಲೆಕ್ಕ ತೆಗೆಸಿದ. ಆ ಲೆಕ್ಕದಲ್ಲಿ ಲೂಯಿಸ್ ಮಠದ ವರ್ಷದ ನಿವ್ವಳ ಆದಾಯ ಸುಮಾರು 920 ಪೌಂಡ್. 1536ರಲ್ಲಿ ವರ್ಷಕ್ಕೆ 200 ಪೌಂಡ್‌ಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚುವ ಕಾನೂನು ಬಂತು. ಲೂಯಿಸ್ ಆ ಸಾಲಿಗೆ ಸೇರುವುದಿಲ್ಲ. ಆದರೆ ಅದೇ ವರ್ಷ ಉತ್ತರದ ಸೀಮೆಗಳಲ್ಲಿ ಜನ ದಂಗೆ ಎದ್ದರು, ದಂಗೆಯಲ್ಲಿ ಸೇರಿದ ಮಠಾಧಿಪತಿಗಳನ್ನೇ ಗಲ್ಲಿಗೇರಿಸಲಾಯಿತು. ಅದಾದ ಮೇಲೆ ದೊಡ್ಡ ಮಠಗಳಿಗೂ ಉಳಿಗಾಲ ಇರಲಿಲ್ಲ. ಸನ್ಯಾಸಿಗಳೇ ಸ್ವಇಚ್ಛೆಯಿಂದ ಮಠ ಒಪ್ಪಿಸಿದಂತೆ ಕಾಗದ ಸಿದ್ಧವಾಗುತ್ತಿತ್ತು, ಸಹಿ ಹಾಕಬೇಕು ಅಷ್ಟೆ. 1537ರ ನವೆಂಬರ್ 16ರಂದು ಲೂಯಿಸ್‌ನ ಪ್ರಯರ್ ರಾಬರ್ಟ್ ಕ್ರೌಹ್ಯಾಮ್ ಮತ್ತು ಉಳಿದ ಸನ್ಯಾಸಿಗಳು ಸಹಿ ಹಾಕಿದರು. ಆರು ದಿನದಲ್ಲಿ ಅದರ ಶಾಖೆ ನಾರ್ಫೋಕ್‌ನ ಕಾಸಲ್ ಏಕರ್ ಮಠವೂ ಹೋಯಿತು. 1540ರ ಮಾರ್ಚ್ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಮಠವೂ ಉಳಿಯಲಿಲ್ಲ.

ಮುಚ್ಚಿದ ಎಲ್ಲ ಮಠಗಳ ಚರ್ಚುಗಳೂ ನೆಲ ಕಚ್ಚಲಿಲ್ಲ, ಇದನ್ನು ಹೇಳಲೇಬೇಕು. ಗ್ಲಾಸ್ಟರ್, ಪೀಟರ್‌ಬರೋ, ಚೆಸ್ಟರ್ ಮಠಗಳ ಚರ್ಚುಗಳನ್ನು ಹೆನ್ರಿಯೇ ಕೆಥೆಡ್ರಲ್ ಮಾಡಿದ. ಅವು ಇವತ್ತಿಗೂ ನಿಂತಿವೆ. ಟ್ಯೂಕ್ಸ್‌ಬರಿ ಊರಿನ ಜನ ಸೀಸ ಮತ್ತು ಗಂಟೆಗಳ ಬೆಲೆ ಕಟ್ಟಿ 453 ಪೌಂಡ್ ತೆತ್ತು ತಮ್ಮ ಚರ್ಚನ್ನು ಉಳಿಸಿಕೊಂಡರು. ಯಾಕೆಂದರೆ ಅದರ ಒಂದು ಭಾಗ ಮೊದಲಿನಿಂದಲೂ ಊರವರ ಪೂಜೆಗೆ ಬಳಕೆಯಲ್ಲಿತ್ತು. ಲೂಯಿಸ್‌ನಲ್ಲಿ ಹಾಗಿರಲಿಲ್ಲ. ಮಠದ ಬಾಗಿಲ ಹತ್ತಿರವೇ ಸೌತ್‌ಓವರ್ ಬಡಾವಣೆಯವರಿಗೆ ಸಂತ ಜಾನ್ ಹೆಸರಿನ ಬೇರೆ ಚರ್ಚಿತ್ತು. ಗುಡ್ಡದ ಮೇಲಿನ ಊರಿನಲ್ಲಿ ಇನ್ನಷ್ಟು ಇದ್ದವು. ಮಠದ ಚರ್ಚು ನಮಗೆ ಬೇಕು ಎಂದು ದುಡ್ಡು ಹಿಡಿದು ಮುಂದೆ ಬರುವವರು ಯಾರೂ ಇರಲಿಲ್ಲ. ಹಾಗಾಗಿ ಅದರ ಹಣೆಬರಹ ಹೊಸ ಒಡೆಯನ ಕೈಗೆ ಹೋಯಿತು. ಆ ಒಡೆಯ ಕ್ರಾಮ್‌ವೆಲ್. 1538ರ ಫೆಬ್ರವರಿಯಲ್ಲಿ ರಾಜ ಈ ಮಠದ ಆಸ್ತಿಯನ್ನು ಅವನಿಗೇ ಕೊಟ್ಟ. ತಿಂಗಳು ಕಳೆಯುವಷ್ಟರಲ್ಲಿ ಪೋರ್ತಿನಾರಿ ಬಂದಿಳಿದ.

ಹೀಗೆ ಕೊಂಡು ಉಳಿಸಿಕೊಳ್ಳುವವರು ಇಲ್ಲದ ಕಡೆ, ಬೇರೆ ಕಟ್ಟಡ ಬಿಟ್ಟರೂ ಚರ್ಚನ್ನು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಚರ್ಚು ನಿಂತಿದ್ದರೆ ಸನ್ಯಾಸಿಗಳು ಯಾವತ್ತೋ ಒಂದು ದಿನ ಮರಳಿ ಬರಬಹುದಲ್ವಾ? ಊಟದ ಮನೆ, ಮಲಗುವ ಮನೆ, ಪ್ರಯರ್‌ನ ನಿವಾಸ ಇವನ್ನು ದೊಡ್ಡ ಬಂಗಲೆಯಾಗಿ ಬದಲಿಸಬಹುದು. 100 ಅಡಿ ಎತ್ತರದ ಚರ್ಚನ್ನು ಇಟ್ಟುಕೊಂಡು ಮನೆಯವರು ಏನು ಮಾಡಬೇಕು? ಮೇಲಾಗಿ ಅದರ ಮೇಲೆ ದುಡ್ಡಿನ ಮೂಟೆಯೇ ಇತ್ತು, ಚಾವಣಿಗೆ ಹೊದಿಸಿದ ಸೀಸದ ರೂಪದಲ್ಲಿ.

ಸೀಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಗ್ಲೆಂಡಿನ ಎಷ್ಟೋ ಮಠಗಳನ್ನು ಮುಗಿಸಿದ್ದು ಇದೇ. ದೊಡ್ಡ ಚರ್ಚುಗಳ ಮರದ ಚಾವಣಿಗೆ ಮಳೆ ತಾಗದಂತೆ ಸೀಸದ ಹಾಳೆ ಹೊದಿಸುತ್ತಿದ್ದರು. ಟನ್ನುಗಟ್ಟಲೆ ಸೀಸ. ಮಠ ಮುಚ್ಚಿದ ಕೂಡಲೇ ಅಧಿಕಾರಿಗಳು ಮೊದಲು ಕಣ್ಣು ಹಾಕುತ್ತಿದ್ದುದು ಅದರ ಮೇಲೆ. ಹಾಳೆ ಕಿತ್ತು, ಅಲ್ಲೇ ಕುಲುಮೆ ಹೂಡಿ, ಎಷ್ಟೋ ಕಡೆ ಚಾವಣಿಯ ಮರವನ್ನೇ ಸೌದೆ ಮಾಡಿ ಕರಗಿಸಿ ಗಟ್ಟಿಗಳಾಗಿ ಎರಕ ಹೊಯ್ಯುತ್ತಿದ್ದರು. ಸಾಗಿಸುವುದಕ್ಕೂ ಸುಲಭ, ಮಾರುವುದಕ್ಕೂ ಸುಲಭ. ಯಾರ್ಕ್‌ಶೈರ್‌ನ ರೀವೋ ಮಠದ ಅವಶೇಷದಲ್ಲಿ ಕುಸಿದ ಕಲ್ಲುಗಳ ಕೆಳಗೆ ಅಂಥ ನಾಲ್ಕು ಗಟ್ಟಿಗಳು 20ನೇ ಶತಮಾನದಲ್ಲಿ ಸಿಕ್ಕವು. ಹೆನ್ರಿಯ ಮುದ್ರೆ ಹಾಗೇ ಇತ್ತು. ಸಾಗಿಸುವ ಮೊದಲೇ ಗೋಡೆ ಬಿದ್ದು ಹೂತುಹೋಗಿದ್ದವು. ಆ ಸೀಸವನ್ನು ಯಾರ್ಕ್ ಪಟ್ಟಣದ ದೊಡ್ಡ ಚರ್ಚಾದ ಯಾರ್ಕ್ ಮಿನ್‌ಸ್ಟರ್‌ನ ಹಳೆಯ ಗಾಜಿನ ಕಿಟಕಿಗಳನ್ನು ಭದ್ರಪಡಿಸಲು ಬಳಸಿದರು. ಒಂದು ಚರ್ಚಿನಿಂದ ಕಿತ್ತದ್ದು ನಾಲ್ಕು ಶತಮಾನಗಳ ಮೇಲೆ ಇನ್ನೊಂದು ಚರ್ಚಿಗೆ ಹೋಯಿತು ಎಂದು ಓದಿದಾಗ ನನಗೆ ಒಂದು ಬಗೆಯ ಸಮಾಧಾನವಾಗುತ್ತದೆ. ಲೂಯಿಸ್‌ನಲ್ಲೂ ಮಂಗಳವಾರದಿಂದ ಸೀಸ ಎರಕ ಹೊಯ್ಯಲು ಶುರು ಮಾಡಿದ್ದೇವೆ, ಒಂದಿಷ್ಟೂ ಪೋಲಾಗದಂತೆ ನೋಡಿಕೊಳ್ಳುತ್ತೇವೆ ಎಂದು ಪೋರ್ತಿನಾರಿ ಕ್ರಾಮ್‌ವೆಲ್‌ಗೆ ಭರವಸೆ ಕೊಡುತ್ತಾನೆ.

ಆದರೆ ಎಷ್ಟೋ ಕಡೆ ಸೀಸ ಕಿತ್ತು ಸುಮ್ನೆ ಬಿಟ್ಟುಬಿಟ್ಟರು. ಮಳೆ ನೀರು ಇಳಿದು ಚಾವಣಿ ಕೊಳೆತು, ಗೋಡೆ ನಿಧಾನವಾಗಿ ಬಿತ್ತು. ಅದಕ್ಕೇ ರೀವೋ, ಫೌಂಟನ್ಸ್ ಮಠಗಳ ಗೋಡೆಗಳು ಇನ್ನೂ ನಿಂತಿವೆ. ಪ್ರವಾಸಿಗರು ಹೋಗಿ ನೋಡುತ್ತಾರೆ. ಲೂಯಿಸ್‌ನಲ್ಲಿ ಕ್ರಾಮ್‌ವೆಲ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನ ಮಗ ಗ್ರೆಗರಿಗೆ ಅಲ್ಲಿ ಮನೆ ಬೇಕಿತ್ತು. ಗ್ರೆಗರಿಯ ಹೆಂಡತಿ ಎಲಿಜಬೆತ್ ಸೀಮೋರ್, ರಾಣಿಯಾಗಿದ್ದ ಜೇನ್ ಸೀಮೋರ್‌ಳ ತಂಗಿ. ಇಂಥ ಸಂಸಾರ ಬಂದು ನೆಲೆಸಲು ಜಾಗ ಚೊಕ್ಕವಾಗಬೇಕಿತ್ತು.

ಐದಡಿ, ಹತ್ತಡಿ ದಪ್ಪದ ಗೋಡೆಯನ್ನು ಮೇಲಿನಿಂದ ಒಂದೊಂದೇ ಕಲ್ಲು ಬಿಡಿಸುತ್ತಾ ಬಂದರೆ ವರ್ಷಗಳೇ ಬೇಕು. ಪೋರ್ತಿನಾರಿಯ ಜನ ಹಿಡಿದ ದಾರಿ ಬೇರೆ. ಗೋಡೆಯ ಬುಡವನ್ನು ಕಡಿಯುತ್ತಾ ಹೋಗುವುದು. ಕಡಿದಷ್ಟೂ ಜಾಗಕ್ಕೆ ಬಡಗಿಗಳು ಮರದ ಆಸರೆ ಕೊಡುತ್ತಾ ಬರುವುದು. ಕೊನೆಗೆ ಇಡೀ ಭಾರ ಮರದ ಮೇಲೆ ನಿಲ್ಲುತ್ತದೆ. ಆಮೇಲೆ ಆಸರೆ ತೆಗೆದರೆ ಅಥವಾ ಸುಟ್ಟರೆ ಆಯಿತು, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಬಡಗಿಗಳು ಯಾಕೆ ಬೇಕಿತ್ತು ಎನ್ನುವುದು ಈಗ ಗೊತ್ತಾಯಿತಲ್ಲ. ಕಡಿಯುವವನ ಮೇಲೇ ಗೋಡೆ ಬೀಳದಂತೆ ನೋಡಿಕೊಳ್ಳುವವರು ಅವರು. ಕಮ್ಮಾರರ ಕೆಲಸವೂ ಊಹಿಸಬಹುದು. ಕಲ್ಲು ಕಡಿಯುವ ಹಾರೆ, ಉಳಿ ದಿನಕ್ಕೆ ಎಷ್ಟು ಸಲ ಮೊಂಡಾಗಬೇಡ!

ಇದು ಹೊಸ ವಿದ್ಯೆಯೇನಲ್ಲ, ಕೋಟೆ ಮುತ್ತಿಗೆಯ ಹಳೆಯ ಪಟ್ಟು. 1215ರಲ್ಲಿ ರಾಜ ಜಾನ್ ರಾಚೆಸ್ಟರ್ ಕೋಟೆಯ ಮೂಲೆಗೋಪುರವನ್ನು ಬೀಳಿಸಿದ್ದು ಹೀಗೆಯೇ. ಅಡಿಯಲ್ಲಿ ಸುರಂಗ ತೋಡಿ, ಮರ ಕೊಟ್ಟು, 40 ಹಂದಿಗಳ ಕೊಬ್ಬು ತರಿಸಿ ಬೆಂಕಿ ಹಚ್ಚಿಸಿದ. ವೈರಿಯ ಕೋಟೆಗೆ ಹೂಡುತ್ತಿದ್ದ ಆ ಪಟ್ಟನ್ನು ನಾಲ್ಕೂವರೆ ಶತಮಾನ ಪ್ರಾರ್ಥನೆ ನಡೆದ ಸ್ಥಳದ ಮೇಲೆ ಹೂಡಿದರು. ಪೋರ್ತಿನಾರಿಯ ಪತ್ರದಲ್ಲಿ ಇದರ ಬಗ್ಗೆ ಒಂದು ನಿಟ್ಟುಸಿರೂ ಇಲ್ಲ. ಈಗ ಎತ್ತರದ ಕಮಾನು ಚಾವಣಿಯನ್ನು ಕೀಳುತ್ತಿದ್ದೇವೆ, ಅದನ್ನು ನಾಲ್ಕು ದಪ್ಪ ಕಂಬ ಹೊತ್ತಿವೆ ಎಂದು ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಅವನ ಕೌಶಲವನ್ನು ಮೆಚ್ಚಲೇಬೇಕು. ಆ ಕೌಶಲ ಬಳಕೆಯಾದ ರೀತಿ ನೆನೆದರೆ ಹೊಟ್ಟೆ ಉರಿಯುತ್ತದೆ.

ಏಪ್ರಿಲ್ ಹೊತ್ತಿಗೆ ಗ್ರೆಗರಿ ಸಂಸಾರ ಸಮೇತ ಬಂದು ಪ್ರಯರ್‌ನ ಮನೆಯಲ್ಲಿ ನೆಲೆಸಿದ. ಅವರ ಭೋಗವೂ ಹೆಚ್ಚು ಕಾಲ ನಡೆಯಲಿಲ್ಲ. 1540ರ ಜುಲೈ 28ರಂದು ಹೆನ್ರಿ ಕ್ರಾಮ್‌ವೆಲ್‌ನ ತಲೆ ತೆಗೆಸಿದ.

ಬಿದ್ದ ಕಲ್ಲಿನ ರಾಶಿ ಊರಿಗೆ ಗಣಿಯಾಯಿತು. ಕೆತ್ತಿದ ಕಾನ್ ಕಲ್ಲು ಸಿಕ್ಕರೆ ಯಾರು ಬಿಡುತ್ತಾರೆ? 1572ರಲ್ಲಿ ವಿಲಿಯಂ ನ್ಯೂಟನ್ ಎಂಬವನು ಮಠದ ಕಲ್ಲಿನಿಂದಲೇ ಸೌತ್‌ಓವರ್ ಗ್ರೇಂಜ್ ಎಂಬ ಮನೆ ಕಟ್ಟಿಸಿದ. ಅದು ಈಗಲೂ ಇದೆ, ಅದರ ತೋಟದಲ್ಲಿ ಜನ ಓಡಾಡುತ್ತಾರೆ. ಊರಿನ ಎಷ್ಟೋ ಕಾಂಪೌಂಡ್ ಗೋಡೆಗಳಲ್ಲಿ ಕೆತ್ತನೆಯ ತುಂಡುಗಳು ಕಾಣುತ್ತವೆ. ಗೋಡೆಯ ಹೊಟ್ಟೆಯೊಳಗಿನ ಚಕಮಕಿ ಕಲ್ಲು, ಗಾರೆ ಯಾರಿಗೂ ಬೇಡವಾಯಿತು. ಮಠದ ಮಲಗುವ ಮನೆ, ಅದರ ಶೌಚಾಲಯದ ಕಟ್ಟಡ ಮುಂತಾದವುಗಳ ಪಾಳುಗೋಡೆಗಳನ್ನು ಇವತ್ತು ನೋಡಿದರೆ ಒರಟು ಚಕಮಕಿ ಕಲ್ಲಷ್ಟೇ ಕಾಣುವುದು ಇದೇ ಕಾರಣಕ್ಕೆ. ಅದನ್ನು ನೋಡಿ ಮಠವೇ ಹೀಗೆ ಒರಟಾಗಿತ್ತು ಅಂದುಕೊಳ್ಳಬಾರದು. ನಮಗೆ ಕಾಣುತ್ತಿರುವುದು ಚರ್ಮ ಸುಲಿದ ಮೇಲಿನ ಮೈ.

ಗುಂಡ್ರಾಡಾಳ ಸಮಾಧಿ ಕಲ್ಲಿನ ಕಥೆ ಇನ್ನೂ ವಿಚಿತ್ರ. ಅವಳು 1085ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು, ಗಂಡ 1088ರಲ್ಲಿ. ಇಬ್ಬರನ್ನೂ ಹೂತದ್ದು ಮಠದ ಸಭಾಗೃಹದಲ್ಲಿ. 12ನೇ ಶತಮಾನದಲ್ಲಿ ಅವಳ ಸಮಾಧಿಯ ಮೇಲೆ ತೂರ್ನೆ ಎಂಬ ಊರಿನ ಕರಿಕಲ್ಲಿನ ಚಪ್ಪಡಿ ಹಾಸಿದರು. ಎಲೆಬಳ್ಳಿಯ ಸೊಗಸಾದ ಕೆತ್ತನೆ, ಅಂಚಿನಲ್ಲಿ ಲ್ಯಾಟಿನ್ ಪದ್ಯ. ಮಠ ಬಿದ್ದಾಗ ಆ ಕಲ್ಲು ಮಾಯವಾಯಿತು. 1775ರಲ್ಲಿ ಹತ್ತಿರದ ಐಸ್‌ಫೀಲ್ಡ್ ಹಳ್ಳಿಯ ಚರ್ಚಿನಲ್ಲಿ, ಬೇರೆ ಯಾರದೋ ಸಮಾಧಿಯ ಭಾಗವಾಗಿ ಪತ್ತೆಯಾಯಿತು. ಅದನ್ನು ಸೌತ್‌ಓವರ್‌ನ ಸಂತ ಜಾನ್ ಚರ್ಚಿಗೆ ತಂದರು. ಕಲ್ಲು ಸಿಕ್ಕಿತು, ಮೂಳೆಗಳು ಎಲ್ಲಿ ಎನ್ನುವುದು ಗೊತ್ತಿರಲಿಲ್ಲ.

ಅದಕ್ಕೆ ಉತ್ತರ ಕೊಟ್ಟಿದ್ದು ರೈಲು. ಬ್ರೈಟನ್‌ನಿಂದ ಲೂಯಿಸ್ ದಾಟಿ ಹೇಸ್ಟಿಂಗ್ಸ್ ಕಡೆಗೆ ಹಳಿ ಹಾಕುವಾಗ ಕಂಪನಿ ಆರಿಸಿದ ದಾರಿ ನೇರವಾಗಿ ಮಠದ ಮೇಲೆ ಹಾದುಹೋಯಿತು. 1845ರ ಅಕ್ಟೋಬರ್ 28ರಂದು ಕೆಲಸಗಾರರ ಗುದ್ದಲಿಗೆ ಎರಡು ಸೀಸದ ಪೆಟ್ಟಿಗೆಗಳು ಸಿಕ್ಕವು. ಒಂದರ ಮೇಲೆ ಗುಂಡ್ರಾಡಾ ಎಂದೂ ಇನ್ನೊಂದರ ಮೇಲೆ ವಿಲಿಯಂನ ಹೆಸರು ಲ್ಯಾಟಿನ್ ರೂಪದಲ್ಲೂ ಬರೆದಿತ್ತು. ಪೆಟ್ಟಿಗೆಗಳು ಸುಮಾರು ಮೂರಡಿ ಉದ್ದದವು. ಇಡೀ ದೇಹ ಹಿಡಿಸುವಷ್ಟಲ್ಲ. ಕಟ್ಟಡವನ್ನು ಮತ್ತೆ ಕಟ್ಟುವಾಗ ಹಳೆಯ ಸಮಾಧಿಯಿಂದ ಮೂಳೆ ಆರಿಸಿ ಮರ್ಯಾದೆಯಿಂದ ಮತ್ತೆ ಹೂತಿದ್ದರು ಎನ್ನುವುದು ಇದರಿಂದ ತಿಳಿಯಿತು. 1847ರಲ್ಲಿ ಸಂತ ಜಾನ್ ಚರ್ಚಿನ ಪಕ್ಕಕ್ಕೆ ಒಂದು ಚಿಕ್ಕ ಗುಡಿ ಕಟ್ಟಿ ಪೆಟ್ಟಿಗೆಗಳನ್ನೂ ಆ ಕರಿಕಲ್ಲನ್ನೂ ಒಂದೇ ಕಡೆ ಇಟ್ಟರು. ಮೂರು ಶತಮಾನ ಬೇರೆಯಾಗಿದ್ದ ಕಲ್ಲು, ಮೂಳೆ ಹೀಗೆ ಒಂದಾದವು.

ಈ ಪತ್ತೆ ಎಷ್ಟು ಸಂಚಲನ ಎಬ್ಬಿಸಿತೆಂದರೆ ಮರುವರ್ಷ, 1846ರಲ್ಲಿ, ಸಸೆಕ್ಸ್ ಪುರಾತತ್ವ ಸಂಘವೇ ಹುಟ್ಟಿತು. ಒಂದು ಕೈಯಲ್ಲಿ ನಾಶ, ಇನ್ನೊಂದು ಕೈಯಲ್ಲಿ ತಿಳಿವಳಿಕೆ. ಈ ಮಠದ ಕಥೆಯಲ್ಲಿ ಎರಡು ಸಲವೂ ಹೀಗೇ ಆಗಿದೆ.

ಆಮೇಲೆ ಬಂದವರು ತಾಳ್ಮೆಯಿಂದ ಅಗೆದರು. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಮಠಗಳ ಅಧ್ಯಯನದಲ್ಲಿ ಪಳಗಿದ್ದ ವಿಲಿಯಂ ಸೇಂಟ್ ಜಾನ್ ಹೋಪ್ ಇಡೀ ಮಠದ ನಕ್ಷೆ ಸಿದ್ಧಪಡಿಸಿದರು. 1969ರಿಂದ ಮುಂದೆ ಇನ್ನೊಂದು ದೊಡ್ಡ ಉತ್ಖನನ ನಡೆಯಿತು. ಗೋಡೆ ಇಲ್ಲದ ಕಟ್ಟಡದ ನಕ್ಷೆ ಮಾಡುವುದು ಹೇಗೆ? ಅಡಿಪಾಯ ಉಳಿದಿದ್ದರೆ ಸುಲಭ. ಅದನ್ನೂ ಕಿತ್ತೊಯ್ದಿದ್ದರೆ ಕಿತ್ತ ಗುಂಡಿ ಉಳಿದಿರುತ್ತದೆ. ಸುತ್ತಲಿನ ಗಟ್ಟಿ ನೆಲದ ನಡುವೆ ಸಡಿಲ ಮಣ್ಣು, ಗಾರೆಯ ಪುಡಿ, ಕಲ್ಲಿನ ಚೂರು ತುಂಬಿದ ಕಾಲುವೆಯಂಥ ಗುರುತು. ಆ ಕಾಲುವೆ ಹಿಡಿದು ಹೋದರೆ ಗೋಡೆ ಎಲ್ಲಿತ್ತು, ಎಷ್ಟು ದಪ್ಪವಿತ್ತು ಎಂದು ತಿಳಿಯುತ್ತದೆ. ಕಲ್ಲು ಕದ್ದವನು ಗೋಡೆಯ ಅಳತೆಯನ್ನು ಬಿಟ್ಟು ಹೋಗಿರುತ್ತಾನೆ. ನೆಲದಿಂದ ಉದ್ದ, ಅಗಲ ಸಿಗುತ್ತದೆ, ಎತ್ತರ ಸಿಗುವುದಿಲ್ಲ. ಎತ್ತರಕ್ಕೆ ಪೋರ್ತಿನಾರಿಯ ಪತ್ರವೇ ಗತಿ. 93 ಅಡಿ, 105 ಅಡಿ ಎಂಬ ಸಂಖ್ಯೆಗಳು ಬೇರೆ ಎಲ್ಲೂ ಸಿಗುವುದಿಲ್ಲ.

ಒಳಗಿನ ಬಣ್ಣ ಹೇಗಿತ್ತು ಎನ್ನುವುದಕ್ಕೆ ಸ್ವಲ್ಪ ಸುಳಿವು ಹತ್ತಿರದ ಹಳ್ಳಿಗಳಲ್ಲಿದೆ. ಕ್ಲೇಟನ್, ಹಾರ್ಡಮ್, ಕೂಮ್ಸ್ ಹಳ್ಳಿಗಳ ಚಿಕ್ಕ ಚರ್ಚುಗಳಲ್ಲಿ ಸುಮಾರು 1100ರ ಹೊತ್ತಿನ ಗೋಡೆ ಚಿತ್ರಗಳಿವೆ. ಕೆಂಪು ಮತ್ತು ಹಳದಿ ಕಾವಿಯ ಬಣ್ಣ, ಉದ್ದ ಕಾಲಿನ, ದೊಡ್ಡ ಕಣ್ಣಿನ ಆಕೃತಿಗಳು. ಇವುಗಳಿಗೂ ಲೂಯಿಸ್ ಮಠಕ್ಕೂ ನಂಟಿದೆ ಎಂದು ಬಹಳ ಜನ ನಂಬಿದ್ದರಿಂದ ಇವಕ್ಕೆ ಲೂಯಿಸ್ ಗುಂಪಿನ ಚಿತ್ರಗಳು ಎಂದೇ ಹೆಸರು ಬಿದ್ದಿದೆ. ನಂಟು ಎಷ್ಟು ನೇರವಾದದ್ದು ಎಂಬ ಚರ್ಚೆ ಮುಗಿದಿಲ್ಲ. ಮಠದ ಕೆಲವು ಕೆತ್ತನೆಯ ಕಂಬದ ತಲೆಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಇನ್ನು ಕೆಲವು ಲೂಯಿಸ್‌ನ ಆ್ಯನ್ ಆಫ್ ಕ್ಲೀವ್ಸ್ ಎಂಬ ಹೆಸರಿನ ಹಳೆಯ ಮನೆಯ ವಸ್ತುಸಂಗ್ರಹಾಲಯದಲ್ಲಿ. ಅವುಗಳ ನುಣುಪು, ಆಳವಾದ ಗೆರೆ ನೋಡಿದರೆ ಏನು ಕಳೆದುಕೊಂಡೆವು ಎನ್ನುವುದು ಯಾವ ನಕ್ಷೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಮಾದರಿಯನ್ನು ನೋಡಿಯಾದರೂ ನಕಲನ್ನು ಊಹಿಸೋಣ ಎಂದರೆ ಕ್ಲೂನಿಗೂ ಅದೇ ಗತಿ ಬಂತು. ಫ್ರಾನ್ಸಿನ ಕ್ರಾಂತಿಯ ನಂತರ ಆ ಮಹಾ ಚರ್ಚನ್ನು ಕಲ್ಲಿನ ವ್ಯಾಪಾರಿಗಳಿಗೆ ಮಾರಿದರು. 1798ರಿಂದ ಶುರುವಾಗಿ ವರ್ಷಗಟ್ಟಲೆ ಕೆಡವಿದರು. ಈಗ ಉಳಿದಿರುವುದು ಮುಖ್ಯವಾಗಿ ದೊಡ್ಡ ಅಡ್ಡತೋಳಿನ ದಕ್ಷಿಣ ಭಾಗ ಮತ್ತು ಅದರ ಮೇಲಿನ ಗೋಪುರ, ಒಟ್ಟು ಕಟ್ಟಡದ ಹತ್ತನೇ ಒಂದು ಪಾಲೂ ಅಲ್ಲ. ಆದರೂ ಅಲ್ಲಿ ಒಂದು ಅನುಕೂಲ ಇತ್ತು. ಕೆಡವುವ ಮೊದಲು ಮತ್ತು ಕೆಡವುವಾಗ ಬರೆದ ಚಿತ್ರಗಳಿವೆ. ಅಮೆರಿಕದ ವಿದ್ವಾಂಸ ಕೆನೆತ್ ಕೋನಂಟ್ 1928ರಿಂದ ದಶಕಗಳ ಕಾಲ ಅಲ್ಲಿ ಅಗೆದು ಇಡೀ ಚರ್ಚನ್ನು ಕಾಗದದ ಮೇಲೆ ಮತ್ತೆ ನಿಲ್ಲಿಸಿದರು. ಲೂಯಿಸ್ ಬಗ್ಗೆ ಕೆಲಸ ಮಾಡುವವರು ಪೋರ್ತಿನಾರಿಯ ಐದು ಗುಡಿ, ಎಂಟು ಕಂಬಗಳನ್ನು ಆ ನಕ್ಷೆಯ ಪಕ್ಕ ಇಟ್ಟು ಓದುತ್ತಾರೆ. ಲೂಯಿಸ್ ಚರ್ಚಿನ ಪೂರ್ವ ಭಾಗವನ್ನು ರೈಲು ಹಳಿ ಸೀಳಿಕೊಂಡು ಹೋಗಿದೆ. ಹಳಿಯ ಅಡಿಯಲ್ಲಿದ್ದದ್ದು 1845ರಲ್ಲೇ ಕೊಚ್ಚಿಹೋಯಿತು. ಆ ಜಾಗದ ಮಟ್ಟಿಗೆ ಆ ಮಾರ್ಚ್ ತಿಂಗಳ ಪತ್ರವನ್ನು ಇನ್ನೂ ಗಮನವಿಟ್ಟು ಓದುವುದು ಬಿಟ್ಟರೆ ನಮಗೆ ಬೇರೆ ಸಾಕ್ಷಿ ಇಲ್ಲ.